ಮನೆಯಲ್ಲೇ ಎಂಜಿನ್ ಆಯಿಲ್, ಫಿಲ್ಟರ್ ಬದಲಾವಣೆ: ಬಿಚ್ಚುವುದು ಸುಲಭ, ಬಿಗಿಯುವುದು ಕೆಲಸ

ಕಾರಿನ ಆಯಿಲ್ ಬದಲಿಸಲು ಬಿಚ್ಚಬೇಕಾದದ್ದು ಒಂದು ಬೋಲ್ಟು, ಒಂದು ಫಿಲ್ಟರು. ಅಷ್ಟೇ. ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಿ ತೊಂದರೆಗೆ ಸಿಕ್ಕಿಕೊಳ್ಳುವವರು ಬಹುಪಾಲು ಎಡವುವುದು ವಾಪಸ್ ಬಿಗಿಯುವಾಗ. ಆಯಿಲ್ ಸೋರೀತು ಎಂಬ ಭಯಕ್ಕೆ ಡ್ರೈನ್ ಬೋಲ್ಟನ್ನು (ಹಳೆಯ ಆಯಿಲ್ ಸುರಿಸಲು ಬಿಚ್ಚುವ ಬೋಲ್ಟು) ಮೈಮೇಲೆ ಬಿದ್ದು ಬಿಗಿಯುತ್ತಾರೆ, ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಫಿಲ್ಟರನ್ನು ಪಾನಾ ಹಾಕಿ ತಿರುಗಿಸುತ್ತಾರೆ, ರಬ್ಬರ್ ಸೀಲ್ ಹಿಂಡಿಹೋಗುತ್ತದೆ. ಎಷ್ಟು ಬಿಗಿ ಸಾಕು ಎಂಬುದು ಕೈಗೆ ಗೊತ್ತಾದರೆ ಈ ಕೆಲಸ ಯಾರಾದರೂ ಮಾಡಬಹುದು.

ಇಲ್ಲಿ ಮಾರುತಿ ಸುಜುಕಿಯ ಕೆ-ಸೀರೀಸ್ ಪೆಟ್ರೋಲ್ ಎಂಜಿನ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ವ್ಯಾಗನ್ಆರ್, ಸ್ವಿಫ್ಟ್, ಸೆಲೆರಿಯೊ, ಬಲೆನೊ ಹೀಗೆ ನಮ್ಮ ಬೀದಿಗಳಲ್ಲಿ ಕಾಣುವ ಕಾರುಗಳಲ್ಲಿ ಈ ಕುಟುಂಬದ ಎಂಜಿನ್ನೇ ಹೆಚ್ಚು. ಬೇರೆ ಕಂಪನಿಯ ಪೆಟ್ರೋಲ್ ಕಾರಾದರೂ ಕ್ರಮ ಇದೇ, ಅಳತೆಗಳು ಮಾತ್ರ ಬೇರೆ. ಡೀಸೆಲ್ ಬಗ್ಗೆ ಮುಂದೆ ಬರುತ್ತೇನೆ. ಕಾರು ವಾರಂಟಿಯಲ್ಲಿದ್ದರೆ, ಫ್ರೀ ಸರ್ವಿಸ್‌ಗಳು ಉಳಿದಿದ್ದರೆ, ಸದ್ಯಕ್ಕೆ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೇ ಮಾಡಿಸಿ. ಎಂಜಿನ್‌ಗೆ ಏನಾದರೂ ಆದಾಗ ಸರ್ವಿಸ್ ದಾಖಲೆ ಕೇಳುತ್ತಾರೆ, ಆಗ ನಿಮ್ಮ ಕೈಬರಹದ ಪುಸ್ತಕ ಲೆಕ್ಕಕ್ಕೆ ಬರುವುದಿಲ್ಲ.

ಯಾವಾಗ ಬದಲಿಸಬೇಕು?

ಮಾರುತಿ ಹೇಳುವುದು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಎಲ್ಲರೂ ಕಿಲೋಮೀಟರನ್ನು ನೆನಪಿಡುತ್ತಾರೆ, ವರ್ಷವನ್ನು ಮರೆಯುತ್ತಾರೆ. ಆಯಿಲ್ ಸವೆಯುವುದು ಎಂಜಿನ್ ಓಡಿದ ಗಂಟೆಗಳಿಂದ, ಓಡೋಮೀಟರ್‌ನಿಂದಲ್ಲ. ಲೆಕ್ಕ ಹಾಕಿ ನೋಡಿ: ಹುಬ್ಬಳ್ಳಿ-ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60 ಕಿಲೋಮೀಟರ್ ಓಡುವ ಕಾರಿಗೆ 10,000 ಕಿಲೋಮೀಟರ್ ಎಂದರೆ ಸುಮಾರು 167 ಗಂಟೆ. ಬೆಂಗಳೂರಿನ ಸಿಗ್ನಲ್‌ಗಳ ನಡುವೆ ಸರಾಸರಿ 20ರಲ್ಲಿ ತೆವಳುವ ಕಾರಿಗೆ ಅದೇ ದೂರಕ್ಕೆ 500 ಗಂಟೆ. ಒಂದೇ ಓಡೋಮೀಟರ್ ಅಂಕಿ, ಮೂರು ಪಟ್ಟು ದುಡಿಮೆ. ದಿನಾ ಎರಡು-ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನದು ಇನ್ನೊಂದು ಪಾಡು. ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಹಾಗಾಗಿ ಒಳಗೆ ಸೇರಿದ ನೀರಿನ ಆವಿ ಮತ್ತು ಪೆಟ್ರೋಲ್ ಆರಿಹೋಗದೆ ಆಯಿಲ್‌ನಲ್ಲೇ ಉಳಿಯುತ್ತವೆ. ಇಂಥ ಕಾರುಗಳಿಗೆ, ಮತ್ತೆ ಮಣ್ಣುರಸ್ತೆಯ ಧೂಳಿನಲ್ಲೇ ಓಡುವ ಕಾರುಗಳಿಗೆ, 5,000ದಿಂದ 7,500 ಕಿಲೋಮೀಟರ್‌ಗೆ ಬದಲಿಸುವುದು ಒಳ್ಳೆಯದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಆಯಿಲ್ ಕಪ್ಪಾಯಿತು ಅಂತ ಬದಲಿಸಬೇಕಿಲ್ಲ. ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಮಸಿಯನ್ನು ತೊಳೆದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ಕಪ್ಪಾಗುವುದು ಅದು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಸಿಎನ್‌ಜಿ ಕಾರುಗಳಲ್ಲಿ ಇದು ತಿರುಗುಮುರುಗು: ಮಸಿ ಕಡಿಮೆ, ಆಯಿಲ್ ಬಹಳ ದಿನ ಜೇನುಬಣ್ಣದಲ್ಲೇ ಇರುತ್ತದೆ. ಬಣ್ಣ ನೋಡಿ ಇನ್ನೂ ಚೆನ್ನಾಗಿದೆ ಎಂದು ಮುಂದೂಡುತ್ತಾರೆ. ಡಿಟರ್ಜೆಂಟ್‌ನಂಥ ಒಳಗಿನ ಸೇರ್ಪಡೆಗಳು ಖಾಲಿಯಾದದ್ದು ಬಣ್ಣದಲ್ಲಿ ಕಾಣುವುದಿಲ್ಲ.

ಯಾವ ಆಯಿಲ್?

ಇದಕ್ಕೆ ಸರಿಯಾದ ಉತ್ತರ ನಿಮ್ಮ ಕಾರಿನ ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ. ಹಳೆಯ ಕೆ-ಸೀರೀಸ್ ಕಾರುಗಳಲ್ಲಿ 5ಡಬ್ಲ್ಯು-30 ಎಂಬ ದಪ್ಪದ ದರ್ಜೆ ಸಾಮಾನ್ಯ. ಈಚಿನ ಮಾದರಿಗಳಿಗೆ 0ಡಬ್ಲ್ಯು-20, ಕೆಲವಕ್ಕೆ 0ಡಬ್ಲ್ಯು-16 ಎಂದಿರುತ್ತದೆ. ಇಲ್ಲೇ ವಾದ ಶುರುವಾಗುವುದು. "ಇದು ನೀರಿದ್ದ ಹಾಗಿದೆ, ರಾಯಚೂರು ಕಲಬುರಗಿಯ ಬಿಸಿಲಿಗೆ ಇದು ನಿಲ್ಲುತ್ತಾ? 20ಡಬ್ಲ್ಯು-50 ಹಾಕ್ಸಿ" ಎನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಹಳೆಯ ಎಂಜಿನ್‌ಗಳಲ್ಲಿ ದಪ್ಪ ಆಯಿಲ್ ಹಾಕಿ ಬೆಳೆದ ಅನುಭವ ಅದು. ಆದರೆ ಹೊಸ ಎಂಜಿನ್‌ಗೆ ಆ ಮಾತು ಹೊಂದುವುದಿಲ್ಲ.

ಕಾರಣ ಹೀಗೆ. ಕೊನೆಯ ಅಂಕಿ, ಅಂದರೆ 16, 20, 30, 50, ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ದಪ್ಪ ಇರುತ್ತದೆ ಎಂಬುದರ ದರ್ಜೆ. ಎಂಜಿನ್ ಬಿಸಿಯಾದ ಮೇಲೆ ಅದರ ತಾಪವನ್ನು ನಿಯಂತ್ರಿಸುವುದು ಥರ್ಮೋಸ್ಟಾಟ್, ರೇಡಿಯೇಟರ್ ಮತ್ತು ಫ್ಯಾನ್. ಕೂಲಿಂಗ್ ಸರಿಯಿದ್ದರೆ ಮಡಿಕೇರಿಯ ಮಳೆಯಲ್ಲೂ ಕಲಬುರಗಿಯ ಮೇ ತಿಂಗಳಲ್ಲೂ ಕೂಲೆಂಟ್ ಹೆಚ್ಚುಕಡಿಮೆ ಒಂದೇ ತಾಪದಲ್ಲಿರುತ್ತದೆ. ಆದ್ದರಿಂದ ಹೊರಗಿನ ಬಿಸಿಲು ನಾವು ಅಂದುಕೊಂಡಷ್ಟು ಒಳಗೆ ತಟ್ಟುವುದಿಲ್ಲ. ಬದಲಿಗೆ ಬೆಳಗಿನ ಮೊದಲ ಸ್ಟಾರ್ಟ್ ನೋಡಿ. 40 ಡಿಗ್ರಿಯಲ್ಲಿ ಸಾಮಾನ್ಯ 0ಡಬ್ಲ್ಯು-20 ಆಯಿಲ್‌ನ ದಪ್ಪ 45 ಸೆಂಟಿಸ್ಟೋಕ್ಸ್ ಆಸುಪಾಸು, 20ಡಬ್ಲ್ಯು-50ದು ಅದರ ಮೂರು ಪಟ್ಟಿಗೂ ಮೇಲೆ. ಬೆಳಗಿನ 20 ಡಿಗ್ರಿಯಲ್ಲಿ ಎರಡೂ ಇನ್ನಷ್ಟು ದಪ್ಪ. ಎಂಜಿನ್ ಬಹಳ ಸವೆಯುವುದು ಈ ಮೊದಲ ಕ್ಷಣಗಳಲ್ಲಿ, ಆಯಿಲ್ ಇನ್ನೂ ಮೇಲಿನ ಕ್ಯಾಮ್‌ವರೆಗೆ ಏರಿರದ ಹೊತ್ತಿನಲ್ಲಿ. ಜೊತೆಗೆ ವಿವಿಟಿ, ಅಂದರೆ ವಾಲ್ವ್ ತೆರೆಯುವ ಸಮಯವನ್ನು ಹೊಂದಿಸುವ ವ್ಯವಸ್ಥೆ, ಕೆಲಸ ಮಾಡುವುದೇ ಆಯಿಲ್ ಒತ್ತಡದಿಂದ, ಅದರ ರಂಧ್ರಗಳನ್ನು ತೆಳು ಆಯಿಲ್‌ಗೆ ಅಳೆದು ಮಾಡಿರುತ್ತಾರೆ. ದಪ್ಪ ಆಯಿಲ್ ಹಾಕಿದರೆ ಎಂಜಿನ್ ತಕ್ಷಣ ಕೆಡುವುದಿಲ್ಲ ನಿಜ, ಆದರೆ ಮೈಲೇಜ್ ಇಳಿಯುತ್ತದೆ, ರಕ್ಷಣೆಯೇನೂ ಹೆಚ್ಚುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಎರಡು ದರ್ಜೆ ಕೊಟ್ಟಿದ್ದರೆ ಮೊದಲನೆಯದನ್ನು ಹಾಕಿ.

ದರ್ಜೆಯ ಜೊತೆ ಡಬ್ಬದ ಮೇಲೆ ಎಪಿಐ ಎಂಬ ಗುಣಮಟ್ಟದ ಗುರುತೂ ನೋಡಿ. ಎಪಿಐ ಎಸ್‌ಎನ್ 2010ರಲ್ಲಿ ಬಂದದ್ದು, ಎಸ್‌ಪಿ 2020ರಲ್ಲಿ. ಮ್ಯಾನ್ಯುಯಲ್ ಎಸ್‌ಎನ್ ಕೇಳಿದರೆ ಎಸ್‌ಪಿ ಧಾರಾಳವಾಗಿ ಹಾಕಬಹುದು, ತಿರುಗಾ ಅಲ್ಲ. ಮನೆಯಲ್ಲಿ ಬೈಕಿನ ಆಯಿಲ್ ಉಳಿದಿದೆ ಎಂದು ಕಾರಿಗೆ ಸುರಿಯಬೇಡಿ. ಅದು ಆಯಿಲ್‌ನಲ್ಲೇ ಮುಳುಗಿರುವ ಬೈಕಿನ ಕ್ಲಚ್ಚಿಗಾಗಿ ಮಾಡಿದ್ದು.

ಡೀಸೆಲ್ ಕಾರಿನವರಿಗೆ ಒಂದು ಎಚ್ಚರಿಕೆ. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಫಿಲ್ಟರ್ ಇರುತ್ತದೆ. ಇದಕ್ಕೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು, ಡಬ್ಬದ ಮೇಲೆ ಎಸಿಇಎ ಸಿ2, ಸಿ3 ಎಂಬಂಥ ಗುರುತಿರುತ್ತದೆ. ತಪ್ಪು ಆಯಿಲ್‌ನ ಬೂದಿ ಡಿಪಿಎಫ್ ಕಟ್ಟಿಸಿದರೆ ಅದನ್ನು ಸುಟ್ಟು ತೆಗೆಯಲು ಬರುವುದಿಲ್ಲ. ಈ ಕಾರುಗಳಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುವುದೂ ಉಂಟು. ಡಿಪಿಎಫ್ ಸ್ವಚ್ಛವಾಗಲು ಸುರಿದ ಹೆಚ್ಚುವರಿ ಡೀಸೆಲ್ ಸ್ವಲ್ಪ ಕೆಳಗಿಳಿದು ಆಯಿಲ್ ಸೇರುತ್ತದೆ. ಆಯಿಲ್ ಅಳೆಯುವ ಕಡ್ಡಿಯಲ್ಲಿ ಮಟ್ಟ ಮೇಲಿನ ಗುರುತು ದಾಟಿದ್ದರೆ ಕಿಲೋಮೀಟರ್ ಆಗುವವರೆಗೆ ಕಾಯಬೇಡಿ.

ಸಾಮಾನು

ಆಯಿಲ್ ಎಷ್ಟು ಬೇಕು ಎಂಬುದನ್ನೂ ಮ್ಯಾನ್ಯುಯಲ್ ನೋಡಿಯೇ ಕೊಳ್ಳಿ. ಫಿಲ್ಟರ್ ಸಮೇತ ಬದಲಿಸಿದಾಗ ಎಷ್ಟು, ಫಿಲ್ಟರ್ ಬಿಟ್ಟು ಎಷ್ಟು ಎಂದು ಬೇರೆಬೇರೆ ಕೊಟ್ಟಿರುತ್ತಾರೆ. 1.2 ಲೀಟರ್ ಕೆ-ಸೀರೀಸ್‌ಗೆ 3 ಲೀಟರ್ ಆಸುಪಾಸು ಹಿಡಿಯುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ, ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ, ಅಥವಾ ನಿಮಗೆ ನಂಬಿಕೆಯಿರುವ ದೊಡ್ಡ ಡೀಲರ್ ಹತ್ತಿರ ಬಿಲ್ ಸಮೇತ ತೆಗೆದುಕೊಳ್ಳಿ. ನಕಲಿ ಆಯಿಲ್ ಹೆಚ್ಚಾಗಿ ಅಸಲಿ ಡಬ್ಬದಲ್ಲೇ ಬರುತ್ತದೆ. ಗುಜರಿಗೆ ಹೋದ ಖಾಲಿ ಡಬ್ಬಕ್ಕೆ ಮತ್ತೆ ತುಂಬಿ ಸೀಲ್ ಮಾಡುತ್ತಾರೆ. ಮುಚ್ಚಳದ ಕೆಳಗಿನ ಉಂಗುರ ಒಡೆದಿರಬಾರದು, ಬಾಯಿಯ ಫಾಯಿಲ್ ಸುಕ್ಕಿಲ್ಲದೆ ಅಂಟಿರಬೇಕು, ಬ್ಯಾಚ್ ನಂಬರ್ ಉಜ್ಜಿದರೆ ಅಳಿಸಬಾರದು.

ಫಿಲ್ಟರ್ ಮಾರುತಿ ಜೆನ್ಯೂನ್, ಬಾಷ್, ಪ್ಯುರೊಲೇಟರ್ ಯಾವುದಾದರೂ ಸರಿ, ನಿಮ್ಮ ಮಾದರಿ ಮತ್ತು ವರ್ಷಕ್ಕೆ ಹೇಳಿದ ನಂಬರ್ ಇರಬೇಕು. ನೋಡಲು ಒಂದೇ ಥರ ಇರುವ ಎರಡು ಫಿಲ್ಟರ್‌ಗಳ ಥ್ರೆಡ್ ಬೇರೆಯಿರಬಹುದು: 20 ಎಂಎಂ ಥ್ರೆಡ್‌ನದೂ ಮುಕ್ಕಾಲು ಇಂಚಿನದೂ ಕಣ್ಣಿಗೆ ಗೊತ್ತಾಗುವುದಿಲ್ಲ. ಬಲವಂತವಾಗಿ ಹಾಕಿದರೆ ಮೂರ್ನಾಲ್ಕು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಇಲ್ಲವೇ ಸಡಿಲವಾಗಿ ಕೂತು ಓಡುವಾಗ ಕಳಚುತ್ತದೆ. ಒಳ್ಳೆಯ ಫಿಲ್ಟರ್‌ನ ರಂಧ್ರಗಳ ಒಳಗೆ ಇಣುಕಿದರೆ ಒಂದು ರಬ್ಬರ್ ಪೊರೆ ಕಾಣುತ್ತದೆ. ಎಂಜಿನ್ ನಿಂತಾಗ ಫಿಲ್ಟರ್‌ನ ಆಯಿಲ್ ಕೆಳಗಿಳಿದು ಹೋಗದಂತೆ ತಡೆಯುವ ವಾಲ್ವ್ ಅದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಟಕಟಕ ಶಬ್ದ ಬರುತ್ತಿದ್ದರೆ ಅಗ್ಗದ ಫಿಲ್ಟರ್‌ನ ಈ ವಾಲ್ವ್ ಗಟ್ಟಿಯಾಗಿ ಕೆಲಸ ಬಿಟ್ಟಿರುವ ಸಾಧ್ಯತೆ ಇದೆ.

ಡ್ರೈನ್ ಬೋಲ್ಟಿನ ವಾಷರ್ ಮರೆಯಬೇಡಿ. ಫಿಲ್ಟರ್ ಜೊತೆಗೇ ಹೊಸದು ಕೇಳಿ ತೆಗೆದುಕೊಳ್ಳಿ, ಚಿಲ್ಲರೆ ಬೆಲೆ. ಅದು ಒಮ್ಮೆ ಹಿಂಡಿಕೊಂಡು ಸೀಲ್ ಆಗಲೆಂದೇ ಮೆತ್ತಗಿನ ಲೋಹದಲ್ಲಿ ಮಾಡಿದ್ದು. ಹಳೆಯದನ್ನೇ ಹಾಕಿದರೆ ಜಿನುಗುತ್ತದೆ, ಜಿನುಗುವುದನ್ನು ನಿಲ್ಲಿಸಲು ಇನ್ನಷ್ಟು ಬಿಗಿಯುತ್ತೀರಿ, ಥ್ರೆಡ್ ಹೋಗುವ ಕಥೆ ಅಲ್ಲಿಂದ ಶುರು.

ಉಳಿದಂತೆ: ಬೋಲ್ಟಿಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ (ಮಾದರಿ ನೋಡಿಕೊಂಡು 14 ಅಥವಾ 17 ಎಂಎಂ), 65 ಎಂಎಂ ಆಸುಪಾಸಿನ ಬಟ್ಟಲಿನಂಥ ಫಿಲ್ಟರ್ ಪಾನಾ, ಆಲಿಕೆ, ಐದು ಲೀಟರ್ ಹಿಡಿಯುವ ಅಗಲ ಬಾಯಿಯ ಟಬ್, ನೈಟ್ರೈಲ್ ಗ್ಲೌಸ್, ಒರೆಸಲು ಬನಿಯನ್ ವೇಸ್ಟ್. ಎಷ್ಟು ಬಿಗಿಯಾಯಿತು ಎಂದು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಬಹಳ ಒಳ್ಳೆಯದು. ಬೆಂಗಳೂರಿನವರಿಗೆ ಟೂಲ್ಸ್‌ಗೆ ಎಸ್‌ಜೆಪಿ ರಸ್ತೆ, ಬಿಡಿಭಾಗಕ್ಕೆ ಜೆಸಿ ರಸ್ತೆ, ಎರಡೂ ಅಕ್ಕಪಕ್ಕ. ಓಪನ್ ಎಂಡ್ ಸ್ಪ್ಯಾನರ್ ಮಾತ್ರ ಬೇಡ, ಬೋಲ್ಟಿನ ಮೂಲೆಗಳನ್ನು ಸವೆಸಿ ದುಂಡಗೆ ಮಾಡುತ್ತದೆ.

ಕಾರಿನ ಅಡಿಗೆ ಹೋಗುವ ಮೊದಲು

ಇಲ್ಲಿ ಆಗುವ ತಪ್ಪಿಗೆ ಪ್ರಾಣವೇ ಹೋಗಬಹುದು. ಕಾರಿನ ಜೊತೆ ಬಂದ ಜಾಕಿ ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಅಡಿಗೆ ತಲೆ, ಎದೆ ಹೋಗಲೇಬಾರದು, ಅರ್ಧ ನಿಮಿಷಕ್ಕೂ ಬೇಡ. ಜಾಕ್ ಸ್ಟ್ಯಾಂಡ್ ಜೋಡಿ ಬೇಕು, ಅಥವಾ ಚಕ್ರ ಹತ್ತಿಸುವ ಕಬ್ಬಿಣದ ರ‍್ಯಾಂಪ್ ಬೇಕು. ಸಿಮೆಂಟ್ ಬ್ಲಾಕ್, ಇಟ್ಟಿಗೆ ಜೋಡಿಸಿ ನಿಲ್ಲಿಸುವುದನ್ನು ಎಷ್ಟೋ ಕಡೆ ನೋಡಬಹುದು. ಬ್ಲಾಕ್ ಮೇಲಿನಿಂದ ಸಮನಾಗಿ ಬಿದ್ದ ಭಾರ ಹೊರುತ್ತದೆ, ಆದರೆ ಒಂದೇ ಬಿಂದುವಿನಲ್ಲಿ ಲೋಹ ಒತ್ತಿದರೆ ಮುನ್ಸೂಚನೆಯಿಲ್ಲದೆ ಸೀಳುತ್ತದೆ. ನೆಲ ಗಟ್ಟಿ ಕಾಂಕ್ರೀಟ್ ಆಗಿರಲಿ, ಸಮತಟ್ಟಾಗಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಎರಡೂ ಬದಿ ಅಡ್ಡ ಕೊಟ್ಟು ಎತ್ತಿ. ಜಾಕ್ ಪಾಯಿಂಟ್ ಎಲ್ಲಿ ಎಂಬ ಚಿತ್ರ ಮ್ಯಾನ್ಯುಯಲ್‌ನಲ್ಲಿದೆ. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲುಗಿಸಿ ನೋಡಿ, ಆಮೇಲೆ ಒಳಗೆ ಹೋಗಿ.

ಎಂಜಿನ್ ಉಗುರುಬೆಚ್ಚಗಿರಬೇಕು. ಮೂರರಿಂದ ಐದು ನಿಮಿಷ ಐಡ್ಲಿಂಗ್ ಸಾಕು, ಆಯಿಲ್ ತೆಳುವಾಗಿ ಕೊಳೆಯನ್ನು ಕೂಡಿಸಿಕೊಂಡು ಇಳಿಯುತ್ತದೆ. ಊರಿಂದ ಬಂದ ಕೂಡಲೇ ಬಿಚ್ಚಬೇಡಿ, ಆಗ ಆಯಿಲ್ 90 ಡಿಗ್ರಿ ದಾಟಿರಬಹುದು, ಬೋಲ್ಟ್ ಕಳಚಿದ ಕ್ಷಣ ಮೊಣಕೈವರೆಗೆ ಇಳಿಯುತ್ತದೆ.

ಸುರಿಸುವುದು

ಬಾನೆಟ್ ತೆಗೆದು ಆಯಿಲ್ ಮುಚ್ಚಳ ಬಿಚ್ಚಿ, ಆಯಿಲ್ ಕಡ್ಡಿಯನ್ನು ಸ್ವಲ್ಪ ಮೇಲಕ್ಕೆಳೆದಿಡಿ. ಗಾಳಿ ಆಡಿದರೆ ಕೆಳಗೆ ಧಾರೆ ಚೆನ್ನಾಗಿ ಬರುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಎಂಜಿನ್ ಬದಲು ಗೇರ್‌ಬಾಕ್ಸ್ ಆಯಿಲ್ ಸುರಿಸುವುದು. ಗುರುತಿಸುವುದು ಸುಲಭ: ಚಕ್ರಗಳಿಗೆ ಹೋಗುವ ಶಾಫ್ಟ್‌ಗಳನ್ನು ಕಣ್ಣಲ್ಲೇ ಹಿಂಬಾಲಿಸಿ. ಅವು ಹೊರಬರುವ ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆ ಗೇರ್‌ಬಾಕ್ಸ್. ಅದರ ಪಕ್ಕದಲ್ಲಿ, ಎಂಜಿನ್‌ನ ಕೆಳಗೆ ಬಾಣಲೆಯಂತೆ ಜೋತಿರುವುದು ಆಯಿಲ್ ಚೇಂಬರ್. ಅದರ ಕೆಳಮೂಲೆಯ ಒಂಟಿ ಬೋಲ್ಟೇ ಬೇಕಾದದ್ದು.

ಬೋಲ್ಟ್ ಸುತ್ತಲಿನ ಮಣ್ಣನ್ನು ಬಟ್ಟೆಯಿಂದ ಒರೆಸಿ. ಸ್ಪ್ಯಾನರ್‌ನಿಂದ ಬಿಗಿ ಬಿಡಿಸಿದ ಮೇಲೆ ಕೈಬೆರಳಲ್ಲೇ ತಿರುಗಿಸಿ, ತಿರುಗಿಸುವಾಗ ಬೋಲ್ಟನ್ನು ಒಳಮುಖವಾಗಿ ಒತ್ತಿ ಹಿಡಿಯಿರಿ. ಕೊನೆಯ ಎಳೆ ಬಿಟ್ಟದ್ದು ಬೆರಳಿಗೆ ತಿಳಿಯುತ್ತದೆ, ಆಗ ಚಟಕ್ಕನೆ ಪಕ್ಕಕ್ಕೆ ಎಳೆದುಕೊಳ್ಳಿ. ಮೊದಲ ಧಾರೆ ನೇರ ಕೆಳಗೆ ಬೀಳದೆ ಒಂದು ಗೇಣು ಆಚೆ ಹಾರುತ್ತದೆ, ಟಬ್ ಅದಕ್ಕೆ ತಕ್ಕಂತೆ ಇರಲಿ. ಧಾರೆ ಸಣ್ಣಗಾದಂತೆ ಟಬ್ಬನ್ನು ಹತ್ತಿರ ಎಳೆಯಿರಿ. ಹದಿನೈದು ನಿಮಿಷ ಬಿಡಿ, ಹನಿಹನಿಯಾಗುವವರೆಗೆ.

ಆ ಹೊತ್ತಿನಲ್ಲಿ ಬೋಲ್ಟನ್ನೂ ಆಯಿಲನ್ನೂ ನೋಡಿ. ಥ್ರೆಡ್‌ಗಳ ನಡುವೆ ಬೆಳ್ಳಿಬಣ್ಣದ ತಂತಿಯಂಥ ಚೂರುಗಳಿದ್ದರೆ ಹಿಂದೆ ಯಾರೋ ಅತಿಯಾಗಿ ಬಿಗಿದಿದ್ದಾರೆ, ಚೇಂಬರ್‌ನ ಥ್ರೆಡ್ ಸವೆಯುತ್ತಿದೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಸೇರಿದೆ, ಹೆಡ್ ಗ್ಯಾಸ್ಕೆಟ್ ತೋರಿಸದೆ ಓಡಿಸಬೇಡಿ. ಆದರೆ ಮುಚ್ಚಳದ ಒಳಗೆ ಮಾತ್ರ ತೆಳ್ಳನೆಯ ಬಿಳಿ ನೊರೆಯಿದ್ದು ಕೆಳಗಿನ ಆಯಿಲ್ ಸ್ವಚ್ಛವಾಗಿದ್ದರೆ ಹೆದರಬೇಕಿಲ್ಲ, ಮಳೆಗಾಲದಲ್ಲಿ ಹತ್ತಿರಹತ್ತಿರ ಓಡಾಡುವ ಕಾರುಗಳಲ್ಲಿ ಅದು ಬರಿಯ ತೇವ. ಟಬ್ಬಿನ ಆಯಿಲ್‌ಗೆ ಟಾರ್ಚ್ ಬಿಟ್ಟಾಗ ಮಿರಮಿರ ಹೊಳೆಯುವ ಲೋಹದ ಪುಡಿ ತೇಲಿದರೆ ಬೇರಿಂಗ್ ಸವೆಯುತ್ತಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ.

ಎಂಜಿನ್ ಫ್ಲಶ್ ಎಂದು ಮಾರುವ ದ್ರವ ಬೇಡವೆನ್ನುತ್ತೇನೆ. ಕಾಲಕಾಲಕ್ಕೆ ಆಯಿಲ್ ಬದಲಿಸಿದ ಎಂಜಿನ್‌ಗೆ ಅದರ ಅಗತ್ಯವಿಲ್ಲ. ವರ್ಷಗಟ್ಟಲೆ ಬದಲಿಸದ ಎಂಜಿನ್‌ನಲ್ಲಿ ಅದು ಜಿಡ್ಡನ್ನು ಒಮ್ಮೆಲೇ ಕಳಚಿ ಆಯಿಲ್ ಹೀರುವ ಜಾಲರಿಗೆ ಕಟ್ಟಿಸಬಹುದು. ಅಂಥ ಎಂಜಿನ್‌ಗೆ ಒಳ್ಳೆಯ ಆಯಿಲನ್ನೇ ಹಾಕಿ ಎರಡು-ಮೂರು ಸಾವಿರ ಕಿಲೋಮೀಟರ್‌ಗೆ ಮತ್ತೊಮ್ಮೆ ಬದಲಿಸಿದರೆ ನಿಧಾನಕ್ಕೆ ತೊಳೆದುಕೊಳ್ಳುತ್ತದೆ.

ಬೋಲ್ಟ್ ಬಿಗಿಯುವುದು

ಹೊಸ ವಾಷರ್ ಹಾಕಿ, ಚೇಂಬರ್‌ನ ಕೂರುವ ಜಾಗ ಒರೆಸಿ, ಬೋಲ್ಟನ್ನು ಬರಿಗೈಯಲ್ಲಿ ಪೂರ್ತಿ ಒಳಗೆ ತಿರುಗಿಸಿ. ಸ್ಪ್ಯಾನರ್ ಮುಟ್ಟುವ ಮೊದಲೇ ವಾಷರ್ ಚೇಂಬರ್‌ಗೆ ತಾಗಿರಬೇಕು. ಅರ್ಧದಲ್ಲಿ ಬಿಗಿಯಾದರೆ ವಾರೆ ಹೋಗಿದೆ, ಹೊರತೆಗೆದು ಮತ್ತೆ ಶುರುಮಾಡಿ. ಸ್ಪ್ಯಾನರ್ ಹಾಕಿ ಒಳದಬ್ಬಿದರೆ ಬೋಲ್ಟ್ ಉಕ್ಕಿನದು, ಚೇಂಬರ್ ಮೆತ್ತಗಿನದು, ಸೋಲುವುದು ಚೇಂಬರ್.

ಸುಜುಕಿ ಹೇಳುವ ಬಿಗಿ 35 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇದ್ದರೆ ಅಷ್ಟಕ್ಕೆ ಇಟ್ಟು, ಟಕ್ ಎಂದ ಕೂಡಲೇ ನಿಲ್ಲಿಸಿ. ಇಲ್ಲದಿದ್ದರೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ: 20 ಸೆಂಟಿಮೀಟರ್ ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಸುಮಾರು 18 ಕೆಜಿ ಎಳೆತ, 30 ಸೆಂಟಿಮೀಟರಿನದಾದರೆ 12 ಕೆಜಿ. ಹನ್ನೆರಡು ಕೆಜಿ ಎಂದರೆ ಒಂದೇ ಕೈಯ ಮಣಿಕಟ್ಟು ಮತ್ತು ಮೊಣಕೈ ಬಲ, ಭುಜವನ್ನು ಹಾಕುವಂತಿಲ್ಲ. ಅದಕ್ಕೇ ಚಿಕ್ಕ ಸ್ಪ್ಯಾನರ್ ಹಿಡಿಯುವುದು ಕ್ಷೇಮ, ಉದ್ದದ ಪೈಪ್ ಸೇರಿಸುವುದು ಅಪಾಯ. ಬೋಲ್ಟ್ ತಿರುಗುತ್ತಾ ತಿರುಗುತ್ತಾ ವಾಷರ್ ಹಿಂಡಿಕೊಳ್ಳುವಾಗ ಕೈಗೆ ಒಂದು ಮೆತ್ತನೆಯ ತಡೆ ಸಿಗುತ್ತದೆ, ಆಮೇಲೆ ತಡೆ ಗಟ್ಟಿಯಾಗುತ್ತದೆ. ಗಟ್ಟಿಯಾದಲ್ಲಿಗೆ ಮುಗಿಯಿತು. ಗಟ್ಟಿಯಾದ ಮೇಲೂ ಎಳೆದಾಗ ಮತ್ತೆ ಮೆತ್ತಗಾದರೆ ಥ್ರೆಡ್ ಬಿಟ್ಟುಕೊಡುತ್ತಿದೆ ಎಂದರ್ಥ.

ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಹೊರಗಿನಿಂದ ಎಂ-ಸೀಲ್ ಮೆತ್ತಬೇಡಿ. ಥ್ರೆಡ್ ಹೋಗಿಯೇಬಿಟ್ಟಿದ್ದರೆ ಸರಿಯಾದ ದಾರಿ ಎರಡು: ಚೇಂಬರ್ ಬಿಚ್ಚಿಸಿ ಹೆಲಿಕಾಯಿಲ್ ಥರದ ಹೊಸ ಥ್ರೆಡ್ ಕೂರಿಸುವುದು, ಇಲ್ಲವೇ ಚೇಂಬರನ್ನೇ ಬದಲಿಸುವುದು. ಸ್ವಲ್ಪ ದಪ್ಪದ, ತಾನೇ ಥ್ರೆಡ್ ಕೊರೆದುಕೊಳ್ಳುವ ಬೋಲ್ಟ್ ಹಾಕಿಕೊಡುವವರಿದ್ದಾರೆ. ಕೊರೆದ ಅಲ್ಯೂಮಿನಿಯಂ ಪುಡಿ ಒಳಗೇ ಬೀಳುತ್ತದೆ, ಮುಂದಿನ ಸಲ ಬಿಚ್ಚಿದಾಗ ಅದೂ ನಿಲ್ಲುವುದಿಲ್ಲ.

ಫಿಲ್ಟರ್

ಟಬ್ಬನ್ನು ಫಿಲ್ಟರ್ ಕೆಳಗೆ ಸರಿಸಿ. ಸೈಲೆನ್ಸರ್ ಪೈಪ್ ಹತ್ತಿರವಿದ್ದರೆ ಮುಂಗೈ ಸುಡದಂತೆ ನೋಡಿಕೊಳ್ಳಿ. ಬಟ್ಟಲು ಪಾನಾ ಹಾಕಿ ಬಿಡಿಸಿ, ಆಮೇಲೆ ಕೈಯಲ್ಲಿ. ಕೆಲವರು ಬಿಗಿಯಾದ ಫಿಲ್ಟರ್‌ಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುತ್ತಾರೆ. ತಗಡು ಹರಿದು ಬುಡ ಮಾತ್ರ ಎಂಜಿನ್‌ನಲ್ಲೇ ಉಳಿದರೆ ಕೆಲಸ ಹತ್ತು ಪಟ್ಟಾಗುತ್ತದೆ. ಚುಚ್ಚುವ ಮೊದಲು ಉಪ್ಪುಕಾಗದವನ್ನು ಫಿಲ್ಟರ್ ಸುತ್ತ ಹಿಡಿದು, ಅದರ ಮೇಲೆ ಬೆಲ್ಟ್ ಪಾನಾ ಹಾಕಿ ನೋಡಿ, ಬಹಳ ಸಲ ಬಂದುಬಿಡುತ್ತದೆ.

ಹಳೆಯ ಫಿಲ್ಟರ್ ಕೈಗೆ ಬಂದ ಕೂಡಲೇ ತಿರುಗಿಸಿ ಅದರ ರಬ್ಬರ್ ಉಂಗುರ ಇದೆಯೇ ನೋಡಿ. ಇಡೀ ಕೆಲಸದಲ್ಲಿ ಯಾವ ಹಂತವನ್ನು ಬಿಟ್ಟರೂ ಇದನ್ನು ಬಿಡಬೇಡಿ. ಹಳೆಯ ಉಂಗುರ ಎಂಜಿನ್‌ಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂತರೆ, ಐಡ್ಲಿಂಗ್‌ನಲ್ಲಿ ಏನೂ ಗೊತ್ತಾಗದಿರಬಹುದು. ಆಕ್ಸಿಲರೇಟರ್ ಒತ್ತಿ ಒತ್ತಡ ಏರಿದಾಗ ಎರಡು ರಬ್ಬರ್‌ಗಳು ಒಂದರ ಮೇಲೊಂದು ಜಾರಿ, ಒಂದೆರಡು ನಿಮಿಷದಲ್ಲೇ ಆಯಿಲ್ ರಸ್ತೆಗೆ ಹೋಗುತ್ತದೆ. ಬೆರಳಿನಿಂದ ಎಂಜಿನ್ ಕಡೆಯ ಮುಖವನ್ನು ಸವರಿ ಖಾತ್ರಿ ಮಾಡಿಕೊಳ್ಳಿ, ಬಟ್ಟೆಯಿಂದ ಒರೆಸಿ.

ಹೊಸ ಫಿಲ್ಟರ್‌ನ ಉಂಗುರಕ್ಕೆ ಹೊಸ ಆಯಿಲನ್ನು ಬೆರಳಲ್ಲಿ ತೆಳುವಾಗಿ ಸವರಿ. ಒಣ ರಬ್ಬರ್ ಮಡಚಿಕೊಳ್ಳುತ್ತದೆ, ಮುಂದಿನ ವರ್ಷ ಬಿಚ್ಚಲೂ ಬರುವುದಿಲ್ಲ. ಗ್ರೀಸ್, ಸಿಲಿಕೋನ್ ಪೇಸ್ಟ್ ಯಾವುದೂ ಬೇಡ. ಉಂಗುರ ಎಂಜಿನ್‌ಗೆ ತಾಗುವವರೆಗೆ ಕೈಯಲ್ಲಿ ತಿರುಗಿಸಿ, ತಾಗಿದ ಜಾಗದಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ, ಅಲ್ಲಿಂದ ಮುಕ್ಕಾಲು ಸುತ್ತು. ಸುಜುಕಿ ಮ್ಯಾನ್ಯುಯಲ್ ಹೇಳುವುದು ಇದನ್ನೇ, ಅಥವಾ 14 ನ್ಯೂಟನ್ ಮೀಟರ್, ಅಂದರೆ ಡ್ರೈನ್ ಬೋಲ್ಟಿನ ಅರ್ಧಕ್ಕಿಂತಲೂ ಕಡಿಮೆ. ಒಣಗಿದ ಕೈಯಲ್ಲಿ ಹಿಡಿತ ಚೆನ್ನಾಗಿದ್ದರೆ ಪಾನಾ ಬೇಕಾಗುವುದಿಲ್ಲ.

ತುಂಬುವುದು, ಅಳೆಯುವುದು

ಕಾರನ್ನು ಇಳಿಸಿ ಸಮತಟ್ಟಿಗೆ ತನ್ನಿ. ಮೂತಿ ಮೇಲೆತ್ತಿದ ಕಾರಿನಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ. ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಕಾಲು ಲೀಟರ್ ಕಡಿಮೆ ಸುರಿಯಿರಿ. ಮುಚ್ಚಳ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಆಯಿಲ್ ಪ್ರೆಶರ್‌ನ ಕೆಂಪು ದೀಪ ಕೆಲವೇ ಸೆಕೆಂಡ್‌ನಲ್ಲಿ ಆರಬೇಕು, ಫಿಲ್ಟರ್ ತುಂಬಿಕೊಳ್ಳುವಷ್ಟು ಹೊತ್ತು. ಹತ್ತು ಸೆಕೆಂಡಾದರೂ ಆರದಿದ್ದರೆ ತಕ್ಷಣ ಆಫ್ ಮಾಡಿ. ಆರಿದರೆ ಒಂದು ನಿಮಿಷ ಓಡಲಿ, ಟಾರ್ಚ್ ಹಿಡಿದು ಬಗ್ಗಿ ಬೋಲ್ಟ್ ಮತ್ತು ಫಿಲ್ಟರ್ ಕಡೆ ನೋಡಿ.

ಆಫ್ ಮಾಡಿ ಐದು ನಿಮಿಷ ಬಿಟ್ಟು ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಹಾಕಿ ಎಳೆದು ನೋಡಿ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಸಮೀಪ ಇರಬೇಕು. ಕಡಿಮೆಯಿದ್ದರೆ ನೂರು ನೂರು ಮಿಲಿ ಸೇರಿಸುತ್ತಾ ಹೋಗಿ, ಪ್ರತಿ ಸಲ ಒಂದೆರಡು ನಿಮಿಷ ಕಾಯಿರಿ. ಡಬ್ಬದಲ್ಲಿ ಉಳಿದದ್ದು ವ್ಯರ್ಥವಾಗಬಾರದು ಎಂದು ಪೂರ್ತಿ ಸುರಿಯುವುದು ತಪ್ಪು. ಮಟ್ಟ ಅತಿಯಾದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ಪಂಪ್ ನೊರೆ ಹೀರಿದರೆ ಬೇರಿಂಗ್‌ಗೆ ಒತ್ತಡ ಸಿಗುವುದಿಲ್ಲ, ಸೀಲ್‌ಗಳ ಮೂಲಕ ಸೋರಲೂ ಶುರುವಾಗುತ್ತದೆ. ಹೆಚ್ಚಾಗಿದ್ದರೆ ಕಡ್ಡಿಯ ತೂತಿನಿಂದ ತೆಳು ಪೈಪ್ ಇಳಿಸಿ ಸಿರಿಂಜ್‌ನಲ್ಲಿ ಎಳೆದುಬಿಡಿ.

ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ರಟ್ಟು ಒಣಗಿದ್ದು, ಕಡ್ಡಿಯ ಮಟ್ಟ ಹಾಗೇ ಇದ್ದರೆ ಸರಿ. ಐವತ್ತು-ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಇಣುಕಿ ನೋಡಿ, ನೋಡಿದರೆ ಸಾಕು, ಮತ್ತೆ ಬಿಗಿಯಬೇಡಿ. ಕೆಲವು ಮಾದರಿಗಳಲ್ಲಿ ಸರ್ವಿಸ್ ರಿಮೈಂಡರ್ ಇರುತ್ತದೆ, ಅದನ್ನು ರಿಸೆಟ್ ಮಾಡುವ ವಿಧಾನ ಮ್ಯಾನ್ಯುಯಲ್‌ನಲ್ಲಿದೆ.

ಹಳೆಯ ಆಯಿಲ್

ಆಲಿಕೆ ಇಟ್ಟು ಹಳೆಯ ಆಯಿಲನ್ನು ಖಾಲಿಯಾದ ಹೊಸ ಆಯಿಲ್ ಡಬ್ಬಕ್ಕೆ ಸುರಿಯಿರಿ, ಮತ್ತು ಎಷ್ಟು ಬಂತು ಅಂತ ಅಳೆಯಿರಿ. ಹಾಕಿದ್ದು 3 ಲೀಟರ್, ಬಂದದ್ದು 2 ಲೀಟರ್ ಎಂದಾದರೆ ಉಳಿದದ್ದು ಎಲ್ಲೋ ಸೋರಿದೆ ಅಥವಾ ಸುಟ್ಟಿದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಾಣುವುದಕ್ಕೆ ಎಷ್ಟೋ ಮೊದಲೇ ಈ ಅಳತೆ ಅದನ್ನು ತಿಳಿಸುತ್ತದೆ. ಫಿಲ್ಟರನ್ನು ಬಾಯಿ ಕೆಳಗಾಗಿ ಟಬ್ಬಿನಲ್ಲಿ ರಾತ್ರಿಯಿಡೀ ಬಿಟ್ಟರೆ ಅದರೊಳಗಿನದೂ ಇಳಿಯುತ್ತದೆ.

ನಮ್ಮ ಕಡೆ ಹಳೆಯ ಆಯಿಲನ್ನು ಗೆದ್ದಲಿಗೆಂದು ಬೇಲಿಕಂಬಕ್ಕೆ, ಬಾಗಿಲಿಗೆ ಬಳಿಯುತ್ತಾರೆ, ಸೆಂಟ್ರಿಂಗ್ ಶೀಟಿಗೆ ಹಚ್ಚುತ್ತಾರೆ. ಉಪಯೋಗವಾಯಿತಲ್ಲ ಎನಿಸುತ್ತದೆ, ಆದರೆ ಮಳೆ ಬಂದಾಗ ಅದು ಮಣ್ಣಿಗೆ, ಅಲ್ಲಿಂದ ಬಾವಿಗೆ ಇಳಿಯುತ್ತದೆ. ಬಳಸಿದ ಆಯಿಲ್‌ನಲ್ಲಿ ಸವೆದ ಲೋಹ ಮತ್ತು ಕ್ಯಾನ್ಸರ್ ತರಬಲ್ಲ ಸುಟ್ಟ ಇಂಧನದ ಉಳಿಕೆಗಳಿವೆ. ಪದೇಪದೇ ಬರಿಗೈಯಲ್ಲಿ ಮುಟ್ಟುವುದೂ ಒಳ್ಳೆಯದಲ್ಲ, ಗ್ಲೌಸ್ ಹಾಕಿ ಎಂದದ್ದು ಅದಕ್ಕೇ. ನಮ್ಮ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಅದನ್ನು ವಾಪಸ್ ಸಂಗ್ರಹಿಸಿ ಮರುಬಳಕೆ ಮಾಡಿಸುವ ಹೊಣೆ ಆಯಿಲ್ ತಯಾರಕರ ಮೇಲೂ ಬಿದ್ದಿದೆ. ನಿಮ್ಮ ಏರಿಯಾದ ದೊಡ್ಡ ವರ್ಕ್‌ಶಾಪ್ ಅಥವಾ ಸರ್ವಿಸ್ ಸೆಂಟರ್ ಹಳೆಯ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಹಾಕಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಸಂಸ್ಕರಣೆಯವರಿಗೆ ಕೊಡುತ್ತದೆ. ಕೇಳಿದರೆ ನಿಮ್ಮ ಮೂರು ಲೀಟರನ್ನೂ ಅದಕ್ಕೆ ಸೇರಿಸಿಕೊಳ್ಳುವವರು ಸಿಗುತ್ತಾರೆ. ಅದಕ್ಕೆ ಕೂಲೆಂಟ್, ಪೆಟ್ರೋಲ್, ನೀರು ಬೆರೆಸಿರಬೇಡಿ, ಬೆರೆತದ್ದನ್ನು ಮರುಸಂಸ್ಕರಿಸುವುದು ಕಷ್ಟ.

ನೆಲಕ್ಕೆ ಚೆಲ್ಲಿದ್ದರೆ ನೀರು ಹಾಕಿ ಚರಂಡಿಗೆ ತೊಳೆಯಬೇಡಿ. ಮರದ ಪುಡಿ ಅಥವಾ ಒಣ ಮರಳು ಹಾಕಿ ಅರ್ಧ ಗಂಟೆ ಬಿಟ್ಟು ಗುಡಿಸಿ, ಉಳಿದ ಕಲೆಗೆ ಬಟ್ಟೆ ತೊಳೆಯುವ ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ ಬ್ರಷ್‌ನಿಂದ ಉಜ್ಜಿ ಬಟ್ಟೆಯಲ್ಲಿ ಒರೆಸಿ. ಹಳೆಯ ಆಯಿಲ್ ಕೊಟ್ಟು ಖಾಲಿಯಾದ ಡಬ್ಬಕ್ಕೆ ಚಾಕುವಿನಿಂದ ಸೀಳು ಹಾಕಿಯೇ ಗುಜರಿಗೆ ಕೊಡಿ, ಇನ್ನೊಬ್ಬರ ಕಾರಿಗೆ ಅದರಲ್ಲಿ ನಕಲಿ ಆಯಿಲ್ ತುಂಬಿ ಹೋಗದಿರಲಿ. ಬದಲಿಸಿದ ದಿನಾಂಕ, ಓಡೋಮೀಟರ್ ಅಂಕಿ, ಆಯಿಲ್ ದರ್ಜೆ, ಫಿಲ್ಟರ್ ನಂಬರ್, ಎಷ್ಟು ಹಾಕಿದಿರಿ, ಹಳೆಯದು ಎಷ್ಟು ಬಂತು, ಇಷ್ಟನ್ನೂ ಬರೆದು ಬಿಲ್ ಜೊತೆ ಗ್ಲೋವ್ ಬಾಕ್ಸ್‌ನಲ್ಲಿಡಿ.